ಕೈಗೆಟುಕದ ಜಾಕು

ತಲೆ ಕೆಳಗೆ, ಕಾಲು ಮೇಲೆ, ಬಾಯಲ್ಲಿ ಟಾರ್ಚು. ಅರವತ್ತು ದಾಟಿದ ಗಂಡಸಿಗೆ ಇದು ಶೋಭೆಯಲ್ಲ ಎಂಬುದು ಹಾರ್ಲನ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ತಾನೇ ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಮುಂದಿನ ಮೀಟರುಗಳ ಫಲಕದ ಹಿಂಬದಿಗೆ ಕೈ ಹಾಕಬೇಕಾದರೆ ಬೇರೆ ದಾರಿಯೇ ಇಲ್ಲ. ದಿಂಬು ಕಿತ್ತು ಹೊರಗಿಟ್ಟು, ಕಾಲೆರಡನ್ನೂ ಸೀಟಿನ ಬೆನ್ನಿನ ಮೇಲೆ ಚೆಲ್ಲಿ, ಕುತ್ತಿಗೆಯನ್ನು ಪೆಡಲುಗಳ ನಡುವೆ ತುರುಕಿ ಮಲಗಬೇಕು. ಹಾಗೆ ಮಲಗಿ ಮೇಲೆ ನೋಡಿದರೆ ಬರೀ ತಂತಿ. ಬಿಳಿ ತಂತಿಯ ಕಟ್ಟುಗಳು, ಮೇಣ ಸವರಿದ ದಾರದಿಂದ ಗೇಣಿಗೊಂದು ಗಂಟು ಹಾಕಿ ಬಿಗಿದವು, ಎಲ್ಲ ಅವನ ಕೈಯ ಗಂಟೇ. ಯಾರೂ ನೋಡದ ಜಾಗದಲ್ಲಿ ಇಷ್ಟು ಅಚ್ಚುಕಟ್ಟು ಯಾಕೆ ಎಂದು ಹೆಂಡತಿ ಆರ್ಡಿಸ್ ಒಮ್ಮೆ ಕೇಳಿದ್ದಳು. ನಾನು ನೋಡ್ತೀನಲ್ಲ ಎಂದಿದ್ದ. ಈಗ ನೋಡುತ್ತಿದ್ದ, ನೋಡುತ್ತಲೇ ಒಂದೊಂದು ಗಂಟನ್ನೂ ಕತ್ತರಿಸುತ್ತಿದ್ದ. ದಾರದ ತುಣುಕೊಂದು ಮೂಗಿನ ಮೇಲೆ ಬಿತ್ತು. ಅದನ್ನು ಊದಿ ಹಾರಿಸಲು ಹೋದಾಗ ಟಾರ್ಚು ಬಾಯಿಂದ ಜಾರಿ ನೇರ ಹಣೆಗೇ ಬಡಿಯಿತು. ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಕೆಲಸವೇನೋ ಸಣ್ಣದು. ಹೆಡ್‌ಸೆಟ್ಟಿನ ಜಾಕುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು, ಅಷ್ಟೆ. ಹೆಡ್‌ಸೆಟ್ಟಿಗೊಂದು ಬಾಲದಂಥ ವೈರು, ವೈರಿನ ತುದಿಗೆ ಎರಡು ಪಿನ್ನು. ಕಿವಿಯ ಪಿನ್ನು ದಪ್ಪ, ಬಾಯಿಯದು, ಅಂದರೆ ಮೈಕಿನದು, ಸಣ್ಣ. ಪಿನ್ನು ಚುಚ್ಚುವ ತೂತೇ ಜಾಕು. ವಿಮಾನ ಕಟ್ಟುವಾಗ ಅವನು ಇಬ್ಬರ ಜಾಕುಗಳನ್ನೂ ಫಲಕದ ಕೆಳ ಅಂಚಿನಲ್ಲಿ, ಎರಡು ಸೀಟುಗಳ ನಡುವೆ, ಸಾಲಾಗಿ ಕೂರಿಸಿದ್ದ. ಆಗ ಎಷ್ಟು ಚೆಂದ ಕಂಡಿತ್ತು! ಈಗ ಕಿತ್ತು ಎಡಗೋಡೆಗೂ ಬಲಗೋಡೆಗೂ, ಕೂತವರ ಭುಜದ ಹಿಂದಕ್ಕೆ ಒಯ್ಯಬೇಕು. ಯಾಕೆ ಎಂದು ಕೇಳಿದವರಿಗೆಲ್ಲ ‘ವೈರು ಮಂಡಿಗೆ ಸಿಕ್ಕಾಕ್ಕೊಳ್ತದೆ’ ಎಂದಿದ್ದ. ಸುಳ್ಳೇನಲ್ಲ, ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಷ್ಟೋ ಜನ ಇದೇ ಕಾರಣಕ್ಕೆ ಜಾಕು ಹಿಂದಕ್ಕೆ ಒಯ್ದಿದ್ದಾರೆ. ಆದರೆ ನಡುವೆ ಇದ್ದರೆ ಅವನ ಜಾಕು ಆರ್ಡಿಸಳ ಕೈಗೆ ಸಿಗುತ್ತದೆ, ಬಲಗೋಡೆಗೆ ಹೋದರೆ ಸಿಗುವುದಿಲ್ಲ. ನಿಜವಾದ ಸಂಗತಿ ಇದು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಎದೆಯ ರಕ್ತನಾಳದಲ್ಲಿ ವೈದ್ಯರು ಸಣ್ಣ ಜಾಲರಿ ಕೂರಿಸಿದ ವರ್ಷ ಅವನು ಬದುಕಿದ, ಆದರೆ ಹಾರುವ ಅನುಮತಿ ಹೋಯಿತು. ಕಾರನ್ನು ಹಿಮಕ್ಕೆ ದೂಡಿ, ಗ್ಯಾರೇಜಿನಲ್ಲಿ ಎಷ್ಟೋ ಚಳಿಗಾಲ ಹಲ್ಲು ಕಡಿದುಕೊಂಡು ಕಟ್ಟಿದ ವಿಮಾನ ಹ್ಯಾಂಗರಿನಲ್ಲಿ ಧೂಳು ತಿನ್ನುವುದೇ ಎಂದು ಅವನು ಮಂಕಾಗಿ ಕೂತಿದ್ದಾಗ ಆರ್ಡಿಸ್ ಒಂದು ಬೆಳಿಗ್ಗೆ, ಟೋಸ್ಟಿಗೆ ಬೆಣ್ಣೆ ಹಚ್ಚುತ್ತಾ, ‘ನಾನು ಕಲೀತೀನಿ’ ಎಂದಳು. ವಿಸ್ಕಾನ್ಸಿನ್‌ನ ಹಿಮದಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಕಲಿತೇಬಿಟ್ಟಳು. ಹೋದ ಶರತ್ಕಾಲ ಪರವಾನಗಿ ಕೈಗೆ ಬಂದಾಗ ಅವನು ಅತ್ತಿದ್ದ. ಸಂತೋಷಕ್ಕೆ ಅತ್ತೆನೋ ಬೇರೆ ಏನಕ್ಕೋ, ಈಗಲೂ ಅವನಿಗೆ ಸರಿಯಾಗಿ ಗೊತ್ತಿಲ್ಲ. ಅಂದಿನಿಂದ ಎಡಸೀಟು ಅವಳದು, ಬಲಸೀಟು ಅವನದು. ಕೈಗೆ ಕೆಲಸ ಹೋಯಿತು, ಬಾಯಿಗೆ ಬಂತು. ವೇಗ ನೋಡು, ಮೂಗು ಇಳಿಸು, ಆ ಕೆರೆ ಮೇಲೆ ಗಾಳಿ ಕುಲುಕ್ತದೆ, ಬಲಗಡೆ ಹದ್ದು, ಇಂಜಿನ್ ಎಣ್ಣೆ ಬಿಸಿ ನೋಡಿದ್ಯಾ, ಈಗ ನೋಡು, ಈಗ. ಪ್ರೀತಿಯಿಂದಲೇ ಹೇಳುತ್ತಿದ್ದ. ಹೋದ ವಾರ ಹಿಂದಿರುಗುವಾಗಲೂ ದಾರಿಯುದ್ದ ಹೀಗೇ ಹೇಳಿಕೊಂಡು ಬಂದಿದ್ದ. ಅವಳು ಒಂದೆರಡು ಸಲ ತಲೆ ಬೇರೆ ಆಡಿಸಿದ್ದಳು. ಪರವಾಗಿಲ್ಲ, ಇವತ್ತು ಹೇಳಿದ ಮಾತು ಕೇಳ್ತಿದಾಳೆ ಎಂದು ಅವನಿಗೆ ಎಷ್ಟು ಖುಷಿ! ಇಳಿದು ಇಂಜಿನ್ ಆರಿಸಿದಾಗ ಪಕ್ಕದ ಹ್ಯಾಂಗರಿನ ಡೆಲ್ಬರ್ಟ್ ವಿಮಾನ ತಳ್ಳಲು ಬಂದವನು ಒಳಗೆ ಇಣುಕಿ, ‘ಹಾರ್ಲನ್, ನಿನ್ನ ಬಾಯಿ ಕೆಳಗೆ ಬಿದ್ದಿದೆ ಕಣಯ್ಯ’ ಎಂದ.

ನೋಡಿದರೆ ಸಣ್ಣ ಪಿನ್ನು ಅವನ ಮಂಡಿಯ ಪಕ್ಕ ಜೋತಾಡುತ್ತಿತ್ತು. ತಾನಾಗಿ ಕಳಚಿರಬೇಕು ಎಂದು ಅವನು ನಗಲು ಹೊರಟಿದ್ದ. ಆರ್ಡಿಸ್ ಬೀಗದ ಕೈ ತೆಗೆದುಕೊಳ್ಳುತ್ತಾ, ‘ಇಲ್ಲ, ನಾನೇ ಕಿತ್ತೆ. ನದಿ ದಾಟುವಾಗ’ ಎಂದಳು. ನದಿ ಎಂದರೆ ಹಿಂದಿರುಗಲು ಹೊರಟ ಕೂಡಲೇ ಸಿಗುವ ನದಿ. ಅಲ್ಲಿಂದ ಇಲ್ಲಿಯವರೆಗೆ ಅವನು ಆಡಿದ್ದೆಲ್ಲ ಮೈಕಿಗೆ ಹೊದಿಸಿದ ಒಂದು ಸ್ಪಂಜಿನ ಉಂಡೆಗೆ ಆಡಿದ ಮಾತು. ತನ್ನ ದನಿ ತನ್ನ ಕಿವಿಗೆ ಬರುತ್ತಿಲ್ಲ ಎಂಬುದಾದರೂ ಗೊತ್ತಾಗಬೇಡವೇ? ಗೊತ್ತಾಗಿರಲಿಲ್ಲ. ತಗಡಿಗೆ ಮೊಳೆ ಬಡಿಯುವ ರಿವೆಟ್ ಗನ್ನಿನ ಕೃಪೆಯಿಂದ ಕಿವಿ ಅರ್ಧ ಮಂದ ಎಂಬುದು ಒಂದು ನೆಪ. ಮಾತಾಡುವಾಗ ಅವನು ತನ್ನ ದನಿಯನ್ನು ಯಾವತ್ತೂ ಕೇಳಿಸಿಕೊಂಡವನೇ ಅಲ್ಲ. ಡೆಲ್ಬರ್ಟ್ ಹ್ಯಾಂಗರಿನ ಬಾಗಿಲು ಹಿಡಿದುಕೊಂಡು ನಕ್ಕ ನಗು ಆ ಬದಿಯ ಜೋಳದ ಹೊಲದವರೆಗೂ ಕೇಳಿಸಿರಬೇಕು. ಮನೆಗೆ ಬಂದು ಇಬ್ಬರೂ ಉಂಡರು, ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುವ ವಿಷಯ ಮಾತಾಡಿದರು. ಕ್ಷಮಿಸು ಎಂದು ಅವಳು ಹೇಳಲಿಲ್ಲ, ಯಾಕೆ ಕಿತ್ತೆ ಎಂದು ಅವನು ಕೇಳಲಿಲ್ಲ. ಆ ವಾರವೆಲ್ಲ ಇಬ್ಬರೂ ಒಬ್ಬರಿಗೊಬ್ಬರು ಅತಿಥಿಗಳ ಹಾಗೆ ನಡೆದುಕೊಂಡರು, ಉಪ್ಪು ಕೊಟ್ಟರೂ ಥ್ಯಾಂಕ್ಸ್.

ಈಗ ಫಲಕದ ಕೆಲಸ ಮುಗಿಯಿತು. ಎದ್ದು ಕೂತಾಗ ಸೊಂಟ ಕಟಕಟ ಎಂದಿತು. ಫಲಕದಲ್ಲಿ ಬರೀ ತೂತುಗಳು ಉಳಿದಿದ್ದವು, ಹಲ್ಲು ಬಿದ್ದ ವಸಡಿನ ಹಾಗೆ. ಅಯ್ಯೋ, ನಾನೇ ಕೊರೆದದ್ದು, ನಾನೇ ಹಾಳು ಮಾಡಿದೆ ಎನ್ನಿಸಿತು. ಆ ಕಡೆ ನೋಡದೆ ಎಡಗೋಡೆಯ ಕೆಲಸಕ್ಕೆ ಕೈ ಹಾಕಿದ. ಮೊದಲು ಅವಳ ಜಾಕು. ಅಗಲ ಅಳೆದು, ಗುರುತು ಹಾಕಿ, ಅಲ್ಯುಮಿನಿಯಂ ತಗಡು ಕೊರೆದು, ಅಂಚು ತೀಡಿ, ಬೆರಳಿನಿಂದ ಸವರಿ ನೋಡಿದ. ಕಿವಿಯ ಜಾಕಿನದು ಚಿಂತೆಯಿಲ್ಲ, ತೂರಿಸಿ ತಿರುಗಿಸಿದರೆ ಮುಗಿಯಿತು. ಮೈಕಿನ ಜಾಕು ಹಾಗಲ್ಲ, ಅದು ವಿಮಾನದ ತಗಡಿಗೆ ಸೋಕಕೂಡದು. ಸೋಕಿತೋ, ಇಂಜಿನ್ ಓಡುವಾಗ ಅದರ ಕುಂಯ್ಗುಡುವಿಕೆ ಪೂರಾ ಕಿವಿಗೆ. ಅದಕ್ಕೇ ಜಾಕಿನ ಕತ್ತಿಗೆ ಆಚೆಗೊಂದು ಈಚೆಗೊಂದು ಫೈಬರ್ ವಾಷರು, ಅಂದರೆ ನಡುವೆ ತೂತಿರುವ ಪುಟ್ಟ ಬಿಲ್ಲೆ, ಹಾಕಬೇಕು. ಈ ವಿಷಯದಲ್ಲಿ ಹಾರ್ಲನ್ ಊರಿನ ವಿಮಾನ ಕಟ್ಟುವವರ ಕ್ಲಬ್ಬಿಗೇ ಗುರು. ಹಿಂದೊಮ್ಮೆ ಡೆಲ್ಬರ್ಟ್ ವಾಷರು ಮರೆತು ಜಾಕು ಕೂರಿಸಿ, ಕಿವಿಯಲ್ಲಿ ಸೊಳ್ಳೆ ಕೂತಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಾಗ ಅದನ್ನು ಕಂಡುಹಿಡಿದವನು ಇವನೇ. ಕಂಡುಹಿಡಿದು ಸುಮ್ಮನಿದ್ದನೇ? ತಿಂಗಳ ಸಭೆಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಭಾಷಣ ಮಾಡಿದ್ದ. ಅವತ್ತಿನಿಂದ ಡೆಲ್ಬರ್ಟನಿಗೆ ‘ವಾಷರು’ ಎಂದೇ ಹೆಸರು ಬಿದ್ದಿತ್ತು. ಅವಳ ಜಾಕಿಗೆ ವಾಷರೆರಡೂ ಹಾಕಿ, ಬೆಸುಗೆ ಮಾಡಿ, ಮೀಟರಿಟ್ಟು ನೋಡಿದ. ಎಲ್ಲೂ ತಗಡಿಗೆ ಸೋಕಿಲ್ಲ.

ಬಲಗೋಡೆಗೆ ಬಂದಾಗ ಮಾತ್ರ ಅವನ ಮನಸ್ಸು ಅವನ ಕೈಯಲ್ಲಿರಲಿಲ್ಲ. ಅಂಗೈಯನ್ನು ತಗಡಿಗೆ ಆನಿಸಿದ. ರಿವೆಟ್ಟುಗಳ ಸಾಲು, ಒಂದೊಂದೂ ಇಬ್ಬರ ಕೆಲಸ. ಹೊರಗಿನಿಂದ ಇವನು ಗನ್ನು ಹಿಡಿದು ಬಡಿಯಬೇಕು, ಒಳಗಿನಿಂದ ಅವಳು ಉಕ್ಕಿನ ಗಟ್ಟಿಯನ್ನು ರಿವೆಟ್ಟಿನ ಬೆನ್ನಿಗೆ ಒತ್ತಿ ಹಿಡಿಯಬೇಕು. ಬಾಲದ ಕೊಳವೆಯೊಳಗೆ ಕಂಬಳಿ ಹಾಸಿಕೊಂಡು, ಮಡಚಿಕೊಂಡು ಅವಳು ಮಲಗುತ್ತಿದ್ದಳು. ಇಬ್ಬರ ಕಿವಿಗೂ ಮುಚ್ಚಳ, ಆ ಗದ್ದಲದಲ್ಲಿ ಕೂಗಿದರೂ ಕೇಳದು. ಹಾಗಾಗಿ ಅವಳೇ ಒಂದು ಸನ್ನೆ ಮಾಡಿಕೊಂಡಿದ್ದಳು. ರಿವೆಟ್ಟು ಚೆನ್ನಾಗಿ ಕೂತರೆ ಗಟ್ಟಿಯಿಂದ ತಗಡಿಗೆ ಒಂದು ಬಡಿತ, ಕೆಟ್ಟರೆ ಎರಡು. ಎರಡು ಎಂದರೆ ಕೊರೆದು ಕಿತ್ತು ಹಾಕು, ಮತ್ತೆ ಹೊಡೆಯೋಣ. ಇಡೀ ಸಂಜೆ ಮಾತಿಲ್ಲ, ಬರೀ ಟಕ್, ಟಕ್. ಎರಡು ಬಡಿದರೆ ಅವನು ಎದುರಾಡುತ್ತಿರಲಿಲ್ಲ, ಯಾಕೆಂದರೆ ಬೆನ್ನು ಕಾಣುತ್ತಿದ್ದುದು ಅವಳಿಗೆ ಮಾತ್ರ. ಆಗ ತಾನು ಹೇಗೆ ಅಷ್ಟು ಸುಲಭಕ್ಕೆ ಒಪ್ಪುತ್ತಿದ್ದೆ ಎಂದು ಈಗ ಆಶ್ಚರ್ಯವಾಯಿತು. ವಾಷರೆರಡು ಉರುಳಿ ಸೀಟಿನಡಿ ಹೋದಾವೆಂದು ಅಂಗಿಯ ಜೇಬಿಗೆ ಹಾಕಿಕೊಂಡು, ಎಡಸೀಟಿಗೆ ಹೋಗಿ ಕೂತು, ಬಲಗೈ ಚಾಚಿ ನೋಡಿದ. ಆರ್ಡಿಸಳ ತೋಳು ಇವನಿಗಿಂತ ನಾಲ್ಕು ಬೆರಳು ಗಿಡ್ಡ. ಇವನ ಕೈಯೇ ಎಟುಕಲಿಲ್ಲ.

‘ಏನಯ್ಯಾ, ಯಾರಿಗೆ ಕೈ ಕೊಡ್ತಿದೀಯಾ?’ ಬಾಗಿಲಲ್ಲಿ ಡೆಲ್ಬರ್ಟ್ ನಿಂತಿದ್ದ, ಕಾಫಿ ಲೋಟ ಹಿಡಿದು. ಎಷ್ಟು ಹೊತ್ತಿನಿಂದ ನಿಂತಿದ್ದನೋ ಪುಣ್ಯಾತ್ಮ.

‘ವೈರಿನ ಉದ್ದ ನೋಡ್ತಿದ್ದೆ.’

‘ವೈರಿಂದಾ? ಆರ್ಡಿಸ್ ಕೈದಾ?’

‘ನಿನಗೇನು ಬೇರೆ ಕೆಲಸ ಇಲ್ವಾ?’

‘ಇದೆ. ಆದ್ರೆ ಇಷ್ಟು ಮಜಾ ಇಲ್ಲ.’ ಡೆಲ್ಬರ್ಟ್ ಒಳಗೆ ಬಂದು ರೆಕ್ಕೆಗೆ ಮೊಣಕೈ ಊರಿದ. ಅವನ ಕಾಫಿ ರೆಕ್ಕೆಯ ಮೇಲೆ ಚೆಲ್ಲೀತೆಂದು ಹಾರ್ಲನ್‌ಗೆ ಜೀವ ಹೊಡೆದುಕೊಂಡಿತು. ‘ನೋಡಪ್ಪಾ, ನನ್ ಹೆಂಡ್ತಿ ನನ್ ಜೊತೆ ಹಾರೋದೇ ಇಲ್ಲ. ನಿನ್ ಹೆಂಡ್ತಿ ನಿನ್ನ ಕೂರಿಸ್ಕೊಂಡು ಹಾರ್ತಾಳೆ. ಬಾಯಿ ಇಟ್ಕೊಂಡ್ರೇನು, ಬಿಟ್ರೇನು? ಕೂತ್ಕೊಳೋಕೆ ಸೀಟಿದ್ಯಲ್ಲ.’

‘ಸುರಕ್ಷತೆ ಪ್ರಶ್ನೆ ಕಣಯ್ಯಾ. ನಾನೊಂದು ಮಾತು ಹೇಳಬೇಕಾದ ಹೊತ್ತಿನಲ್ಲಿ ಮೈಕೇ ಇಲ್ಲದಿದ್ರೆ?’

‘ಹೌದೌದು. ಅದಕ್ಕೇ ನದಿಯಿಂದ ಇಲ್ಲೀತನಕ ಹೇಳ್ಕೊಂಡು ಬಂದ್ಯಲ್ಲ!’ ಡೆಲ್ಬರ್ಟ್ ಮತ್ತೆ ನಗತೊಡಗಿದ.

ಹಾರ್ಲನ್ ಕೋಪದಲ್ಲಿ ಬಲಗೋಡೆಗೆ ಹೋಗಿ ತೂತು ಕೊರೆದು, ತನ್ನ ಜಾಕುಗಳನ್ನು ತೂರಿಸಿ, ನಟ್ಟು ತಿರುಗಿಸಿ, ಸರ್ರೆಂದು ಬೆಸುಗೆ ಎಳೆದ. ಅಷ್ಟರಲ್ಲಿ ಆರ್ಡಿಸಳ ಕಾರು ಕಲ್ಲುಹಾದಿಯಲ್ಲಿ ಗರಗರ ಎಂದು ಬಂದು ನಿಂತಿತು. ಎಲ್ಕ್ ಪ್ರೇರಿಯ ವಿಮಾನದಂಗಳದಲ್ಲಿ ಇವತ್ತು ಪ್ಯಾನ್‌ಕೇಕಿನ ಊಟ. ಸುತ್ತಲಿನ ಹಾರುವವರೆಲ್ಲ ಹೋಗುತ್ತಾರೆ, ಅಲ್ಲಿನ ಹುಳಿಸಿಹಿ ತಿನಿಸು, ರುಬಾರ್ಬ್ ಪೈ, ಬೇಗ ಖಾಲಿಯಾಗುತ್ತದೆ. ಆರ್ಡಿಸ್ ಹತ್ತಿ ಕೂತು, ಹೊಸ ಜಾಕಿಗೆ ಪಿನ್ನು ಚುಚ್ಚಿ, ಭುಜ ಆಡಿಸಿ ನೋಡಿ, ‘ಚೆನ್ನಾಗಿದೆ, ಮಂಡಿಗೆ ಆರಾಮ’ ಎಂದಳು. ಅವನ ಕಡೆಯ ಗೋಡೆಯತ್ತ ಒಮ್ಮೆ ನೋಡಿದಳು. ಇಂಜಿನ್ ಹಾಕದೆಯೇ ಪರೀಕ್ಷೆ ಮಾಡಿದರು. ‘ಕೇಳ್ತಾ?’ ಎಂದ. ‘ಕೇಳ್ತು.’ ‘ಈಗ?’ ‘ಕೇಳ್ತು ಹಾರ್ಲನ್, ಈಗಲೂ ಕೇಳ್ತು.’ ಗಾಜಿನಷ್ಟು ಸ್ವಚ್ಛ ದನಿ. ಅವನಿಗೆ ಎದೆ ಉಬ್ಬಿತು. ಇಂಜಿನ್ ಓಡದಿದ್ದಾಗ ಎಲ್ಲ ಜಾಕೂ ಸ್ವಚ್ಛವಾಗಿಯೇ ಕೇಳುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದವನು ತಾನೇ ಎಂಬುದು ಆಗ ನೆನಪಾಗಲಿಲ್ಲ.

ಇಂಜಿನ್ ಹತ್ತಿದ ಕೂಡಲೇ ಒಂದು ಸಣ್ಣ ಕುಂಯ್. ಹುಲ್ಲಿನ ಹಾದಿಯಲ್ಲಿ ಓಡಿದಾಗ ಕುಂಯ್ ಸ್ವಲ್ಪ ಏರಿತು. ಆರ್ಡಿಸ್ ಒಮ್ಮೆ ತಲೆ ವಾರೆ ಮಾಡಿದಳು, ಅಷ್ಟೆ. ಅವಳು ಪೂರ್ತಿ ಥ್ರಾಟಲ್ ಕೊಟ್ಟು ನೆಲ ಬಿಟ್ಟಾಗ ಅದೂ ಹಸಿದ ನಾಯಿಮರಿಯ ಹಾಗೆ ದನಿ ಏರಿಸಿ ಕಿವಿಯೊಳಗೆ ಕೂತಿತು. ಕೆಳಗೆ ಜೋಳ, ಸೋಯಾ, ಕೆಂಪು ಕಣಜಗಳು, ನೆರಳು ಹಾಸಿದ ಮೋಡ. ಎಂಥ ಬೆಳಗು! ಹಾರ್ಲನ್ ಬೆವೆತುಹೋದ. ಸದ್ದು ಕೇಳಿದ ಕ್ಷಣವೇ ಅವನಿಗೆ ಗೊತ್ತಾಗಿತ್ತು. ಆದರೂ ಇರಲಿಕ್ಕಿಲ್ಲ ಎಂದುಕೊಂಡು ಅಂಗಿಯ ಜೇಬಿಗೆ ಬೆರಳು ಹಾಕಿದ. ಎರಡು ವಾಷರೂ ಅಲ್ಲೇ ಇದ್ದವು, ಬೆಚ್ಚಗೆ.

‘ಏನದು ಸದ್ದು?’ ಎಂದಳು.

‘ಯಾವುದು?’

‘ಇದು. ಸೊಳ್ಳೆ.’

‘ರೇಡಿಯೋ ಹಳೇದಾಯ್ತಲ್ಲ. ಬಿಸಿ ಆದ್ಮೇಲೆ ಹೋಗ್ತದೆ.’ ಹೇಳಿ ಮುಗಿಸುವ ಮೊದಲೇ ಕಿವಿ ಬಿಸಿಯಾಯಿತು. ಅವಳು ಇವನ ಕಡೆ ತಿರುಗಲಿಲ್ಲ. ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಹುಡುಗರನ್ನು ನೋಡುತ್ತಿದ್ದ ಹಾಗೆ ಬರೀ ಕಣ್ಣು ಹೊರಳಿಸಿದಳು. ಸುಳ್ಳು ಹೇಳಿದ ಹುಡುಗರಿಗೆ ಅವಳು ಬೈಯುತ್ತಿರಲಿಲ್ಲವಂತೆ. ಹೀಗೇ ನೋಡುತ್ತಿದ್ದಳಂತೆ, ಅವರೇ ಇಳಿಯುವ ಮೊದಲು ಬಂದು ಒಪ್ಪಿಕೊಳ್ಳುತ್ತಿದ್ದರಂತೆ.

ನದಿ ದಾಟಿತು. ಎಲ್ಕ್ ಪ್ರೇರಿ ಹತ್ತಿರವಾದಂತೆ ರೇಡಿಯೋದಲ್ಲಿ ಜನ ಹೆಚ್ಚಿದರು. ಅಲ್ಲಿ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಣ ಗೋಪುರವಿಲ್ಲ, ಯಾರು ಎಲ್ಲಿದ್ದೇವೆಂದು ಹಾರುವವರೇ ಒಬ್ಬರಿಗೊಬ್ಬರು ಹೇಳಿಕೊಂಡು ಇಳಿಯಬೇಕು. ಯಾರೋ ಉತ್ತರದಿಂದ ಬರುತ್ತಿದ್ದೇನೆ ಎಂದ. ಇನ್ನೊಬ್ಬ ಏನೋ ಎಂದ, ಅದು ಕುಂಯ್ ಒಳಗೆ ಮುಳುಗಿತು. ಆರ್ಡಿಸ್ ಕಿವಿ ಒತ್ತಿ ಹಿಡಿದಳು. ‘ಹಾರ್ಲನ್, ನನಗೆ ಇವರ್ಯಾರೂ ಕೇಳಿಸ್ತಿಲ್ಲ. ಇಷ್ಟು ಜನರ ನಡುವೆ ಕಿವುಡಿ ಹಾಗೆ ನುಗ್ಗೋಕಾಗಲ್ಲ. ಹಿಂದಕ್ಕೆ ಹೋಗ್ತೀನಿ.’ ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದಕ್ಕೆ ಹೋದರೆ ಹ್ಯಾಂಗರ್, ಹ್ಯಾಂಗರಿನಲ್ಲಿ ಡೆಲ್ಬರ್ಟ್. ಅದಕ್ಕಿಂತ ದೊಡ್ಡದು, ಅವಳು ಮೊದಲ ಸಲ ಇಷ್ಟು ಜನರ ಮುಂದೆ ಇಳಿಯಲಿಕ್ಕೆಂದು ವಾರದಿಂದ ನಕ್ಷೆ ನೋಡಿಕೊಂಡಿದ್ದಳು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಅವನ ಮೈಕಿನಿಂದ. ಅವನ ಬಾಯಿ ಜಾಕಿನಲ್ಲಿ ಇರುವಷ್ಟು ಹೊತ್ತೂ ಅದು ಇರುತ್ತದೆ. ಕಿತ್ತರೆ ಹೋಗುತ್ತದೆ.

ಕಿತ್ತರೆ ಇಳಿಯುವ ಹೊತ್ತಿಗೆ ಅವನಿಗೆ ದನಿಯಿಲ್ಲ. ಇಷ್ಟೆಲ್ಲ ಗಂಟು ಕತ್ತರಿಸಿ, ಫಲಕ ಹಾಳು ಮಾಡಿ, ತಲೆ ಕೆಳಗಾಗಿ ಮಲಗಿದ್ದು ಏತಕ್ಕೆ? ಥತ್! ಒಂದು ಕ್ಷಣ, ಹಿಂದಕ್ಕೇ ಹೋಗಲಿ ಎಂದುಕೊಂಡ. ಹೋಗಲಿ, ರೇಡಿಯೋ ಮೇಲೆ ತಪ್ಪು ಹಾಕೋಣ. ನಾಚಿಕೆಯಾಯಿತು, ನಿಜವಾದ ನಾಚಿಕೆ. ಎಡಗೈಯನ್ನು ಎದೆಯಡ್ಡ ಹಾಯಿಸಿ ಬಲಭುಜದ ಹಿಂದಕ್ಕೆ ಚಾಚಿದ. ಎಟುಕಲಿಲ್ಲ. ಬಲಗೈ ಎತ್ತಿ ಹಿಂದಕ್ಕೆ ಮಡಚಿದ. ಮೊಣಕೈ ಗಾಜಿನ ಮುಚ್ಚಿಗೆಗೆ ಬಡಿಯಿತು. ಅಷ್ಟು ಜಾಣತನದಿಂದ ಕೂರಿಸಿದ್ದ ಜಾಕು ಯಜಮಾನನಿಗೂ ಸಿಗದು. ಸೀಟುಪಟ್ಟಿ ಸಡಿಲಿಸಿ, ಅರ್ಧ ತಿರುಗಿ, ಹಿಂಭಾಗವನ್ನು ಹೆಂಡತಿಯ ಕಡೆ ಮಾಡಿ, ಏದುಸಿರು ಬಿಡುತ್ತಾ ತಡಕಾಡಿ ದಪ್ಪದಲ್ಲ, ಸಣ್ಣದು, ಸಣ್ಣದು ಎಂದು ಬೆರಳಿಗೆ ಹೇಳಿಕೊಂಡು ಕಿತ್ತ. ಕುಂಯ್ ನಿಂತಿತು.

ಎಂಥ ನಿಶ್ಶಬ್ದ! ಇಂಜಿನ್ನಿನ ಗುರ್ರೆನ್ನುವ ಸದ್ದು ಮಾತ್ರ, ಅದರ ಮೇಲೆ ಸ್ಪಷ್ಟವಾಗಿ ಒಬ್ಬ, ದಕ್ಷಿಣದಿಂದ ಬರುತ್ತಿದ್ದೇನೆ ಎಂದ. ಹಾರ್ಲನ್ ಮತ್ತೆ ಸರಿಯಾಗಿ ಕೂತು, ಪಟ್ಟಿ ಬಿಗಿದು, ಜೇಬಿನಿಂದ ವಾಷರೆರಡನ್ನೂ ತೆಗೆದು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. ಆರ್ಡಿಸ್ ನೋಡಿದಳು. ನಗು ತಡೆಯಲು ತುಟಿ ಕಚ್ಚಿಕೊಂಡಳು. ತಡೆಯಲಾಗಲಿಲ್ಲ.

‘ಅಯ್ಯೋ ದೇವರೇ, ನೀನೂ ವಾಷರು! ಡೆಲ್ಬರ್ಟನಿಗೆ ಹೇಳಲ್ಲ ಕಣೋ, ಹೆದರಬೇಡ. ಪೈ ಕೊಡಿಸಿದ್ರೆ ಹೇಳಲ್ಲ.’ ನಗು ಮುಗಿದ ಮೇಲೆ, ಮುಂದೆ ನೋಡುತ್ತಲೇ ಹೇಳಿದಳು, ‘ಜಾಕು ಯಾಕೆ ಅಲ್ಲಿಗೆ ಸಾಗಿಸ್ದೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಮಂಡಿಯಂತೆ ಮಂಡಿ. ನೋಡು, ಐವತ್ತು ಮಕ್ಕಳು ಬೆನ್ನ ಹಿಂದೆ ಕಿರುಚೋರು, ನನಗೇನೂ ಆಗ್ತಿರ್ಲಿಲ್ಲ. ಅವರ್ಯಾರೂ ನನಗೆ ಬಸ್ಸು ಓಡಿಸೋದು ಹೇಳಿಕೊಡ್ತಿರ್ಲಿಲ್ಲ. ಮೊದಲನೇ ಸಲ ಒಬ್ಬಳೇ ಹಾರಿದ್ನಲ್ಲ, ಆವತ್ತೂ ನೀನು ತಲೆಯೊಳಗೆ ಮಾತಾಡ್ತಾನೇ ಇದ್ದೆ. ಆಮೇಲೆ ಎಲ್ಲೋ ಒಂದು ಕಡೆ ನೀನು ಸುಮ್ಮನಾದೆ. ಆಗ ಇಂಜಿನ್ ಸದ್ದು ಕೇಳಿಸ್ತು. ನಾವು ಮಾಡಿದ್ದು ಇದು, ಹಾರ್ತಿದೆ ಅನ್ನಿಸ್ತು. ಅಳು ಬಂತು. ನಿನಗೆ ಹೇಳಬೇಕು ಅಂತಿದ್ದೆ, ನೀನು ಬಿಡುವು ಕೊಟ್ಟಿದ್ರೆ ತಾನೇ?’

ಹಾರ್ಲನ್ ವಾಷರುಗಳ ಮೇಲೆ ಬೆರಳು ಮಡಚಿದ. ಈಗ ಏನು ಹೇಳಿದರೂ ಅವಳಿಗೆ ಕೇಳುವುದಿಲ್ಲ ಎಂಬುದರಲ್ಲಿ ಒಂದು ವಿಚಿತ್ರ ಹಗುರ ಇತ್ತು, ಭಾರದ ಚೀಲವನ್ನು ಯಾರೋ ಕೈಯಿಂದ ತೆಗೆದುಕೊಂಡ ಹಾಗೆ. ಅಳು ಬಂತು ಎಂದಳಲ್ಲ, ಇವಳು ಒಬ್ಬಳೇ ಹಾರಿ ಬಂದ ಆ ದಿನ ತಾನು ಕೇಳಿದ್ದು ಏನು? ಎಣ್ಣೆ ಎಷ್ಟು ಬಿಸಿಯಾಗಿತ್ತು ಎಂದು. ಅವಳು ಬಗ್ಗಿ ನೋಡಿ ಸರಿಯಾದ ಅಂಕಿ ಹೇಳಿದ್ದಳು. ಅವನು ಶಹಬ್ಬಾಸ್ ಎಂದು ಬೆನ್ನು ತಟ್ಟಿದ್ದ.

ಎಲ್ಕ್ ಪ್ರೇರಿ ಕಂಡಿತು. ಹುಲ್ಲಿನ ಮೇಲೆ ಸಾಲಾಗಿ ನಿಂತ ವಿಮಾನಗಳು, ಬಿಳಿ ಡೇರೆ, ಹೊಗೆ. ಅವಳು ಬಳಸಿ ಬಂದು ರನ್‌ವೇಗೆ ನೇರವಾದಳು. ಸ್ವಲ್ಪ ಎತ್ತರವೇ ಎನ್ನಿಸಿತು, ಆಮೇಲೆ ಸರಿಯಾಯಿತು. ಗಾಳಿ ಎಡದಿಂದ ತಳ್ಳುತ್ತಿತ್ತು, ರೆಕ್ಕೆ ತಗ್ಗಿಸಿ ಹಿಡಿದಿದ್ದಳು. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಈಗ ಇಳಿಸಬೇಕು, ಇನ್ನೂ ಎಳೆದರೆ ರನ್‌ವೇ ಸಾಲದು. ಎಲ್ಲರೂ ನೋಡುತ್ತಿದ್ದಾರೆ. ತನಗೇ ಗೊತ್ತಿಲ್ಲದಂತೆ ಅವನು ಸ್ಪಂಜಿಗೆ ಹೇಳತೊಡಗಿದ, ಇಳಿಸು, ಈಗ ಇಳಿಸು, ಇಳಿಸೇ! ಚಕ್ರಕ್ಕೂ ನೆಲಕ್ಕೂ ನಡುವೆ ಇನ್ನೇನು ಒಂದಾಳು ಎತ್ತರ. ಆರ್ಡಿಸ್ ಇಳಿಸಲಿಲ್ಲ. ಥ್ರಾಟಲನ್ನು ಪೂರ್ತಿ ಮುಂದೆ ತಳ್ಳಿ ವಿಮಾನದ ಮೂಗು ಎತ್ತಿದಳು, ಎದೆ ಸೀಟಿಗೆ ಒತ್ತಿತು, ನೆಲ ಕೆಳಗೆ ಜಾರಿತು. ಏನು ಮಾಡ್ತಿದೀಯೆ! ಎಂದು ಅವನು ಕೂಗಿದ್ದೂ ಸ್ಪಂಜಿಗೇ. ಆಗ ಅವಳ ಕಡೆಯ ಗಾಜಿನಿಂದ, ಅವಳ ಭುಜದಾಚೆ, ಕೆಳಗೆ ಅದು ಕಂಡಿತು. ಹಳೆಯ ಹಳದಿ ವಿಮಾನ, ರೇಡಿಯೋ ಇಲ್ಲದ್ದು, ಎಡಗಡೆಯ ಹುಲ್ಲಿನಿಂದ ಆರಾಮಾಗಿ ರನ್‌ವೇ ಮೇಲಕ್ಕೆ ಬಂದು ನಿಂತಿತ್ತು. ಬಲಸೀಟಿನಿಂದ ಅದು ಕಾಣುವ ಸಾಧ್ಯತೆಯೇ ಇರಲಿಲ್ಲ.

ಅವನಿಗೆ ಆಗ ದನಿ ಇದ್ದಿದ್ದರೆ? ಇಷ್ಟು ವರ್ಷ ಅದೇ ದನಿಗೆ ಒಗ್ಗಿದ ಅವಳ ಕಿವಿಗೆ, ಆ ಅರೆಗಳಿಗೆಯಲ್ಲಿ ಇಳಿಸು ಎಂಬ ಮಾತು ಬಂದಿದ್ದರೆ, ಅವಳು ಒಂದು ಚೂರು ತಡೆದಿದ್ದರೆ? ಮುಂದೆ ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ. ಆರ್ಡಿಸ್ ರೇಡಿಯೋದಲ್ಲಿ, ಪಕ್ಕದ ಮನೆಯವಳಿಗೆ ಸಕ್ಕರೆ ಮುಗಿದಿದೆ ಎನ್ನುವಷ್ಟೇ ಸಮಾಧಾನದಿಂದ, ಮತ್ತೊಂದು ಸುತ್ತು ಬರುತ್ತೇನೆ ಎಂದಳು. ಬಂದಳು. ಇಳಿದಳು. ಚಕ್ರ ನೆಲ ಮುಟ್ಟಿದ್ದು ಅವನಿಗೆ ತಡವಾಗಿ ಗೊತ್ತಾಯಿತು.

ಹುಲ್ಲಿನ ಮೇಲೆ ನಿಲ್ಲಿಸಿ ಇಂಜಿನ್ ಆರಿಸಿದಳು. ಪ್ರೊಪೆಲರ್ ಎರಡು ಸಲ ಅಲುಗಿ ನಿಂತಿತು. ಡೇರೆಯಿಂದ ಬೆಣ್ಣೆಯ ವಾಸನೆ, ಯಾರದೋ ಅಕಾರ್ಡಿಯನ್ ವಾದ್ಯದ ಹಾಡು. ಇಬ್ಬರೂ ಹೆಡ್‌ಸೆಟ್ಟು ತೆಗೆದರು. ಈಗ ಮಾತಾಡಬಹುದಿತ್ತು, ಯಾವ ಜಾಕೂ ಬೇಕಿರಲಿಲ್ಲ. ಆರ್ಡಿಸ್ ಬೆವರೊರೆಸಿಕೊಂಡಳು.

‘ಹೇಳು, ಹೇಗಿತ್ತು?’ ಎಂದಳು.

ಹಾರ್ಲನ್ ಬೆರಳು ಮಡಚಿ, ಪಕ್ಕದ ತಗಡಿಗೆ, ರಿವೆಟ್ಟುಗಳ ಸಾಲಿನ ಮೇಲೆ, ಒಂದು ಸಲ ಬಡಿದ. ಟಕ್.

ಅವಳಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅವಳ ಮುಖ ಆ ಗ್ಯಾರೇಜಿನ ಚಳಿಗಾಲದ ಮುಖವಾಯಿತು, ಬಾಲದ ಕೊಳವೆಯಿಂದ ಕೆದರಿದ ತಲೆಯಲ್ಲಿ ಹೊರಗೆ ತೆವಳಿ ಬರುತ್ತಿದ್ದವಳದು. ಆಮೇಲೆ ಓರೆಗಣ್ಣಿನಲ್ಲಿ, ‘ಮೊದಲನೇ ಸಲ ಬಂದಾಗ, ನೆಲದ ಹತ್ತಿರ, ನಿನ್ನ ತುಟಿ ಆಡ್ತಿತ್ತು. ನೋಡ್ದೆ ನಾನು. ಏನು ಹೇಳ್ತಿದ್ದೆ?’ ಎಂದಳು.

ಗಾಳಿಯ ವಿಷಯ ಎಂದು ಹೇಳಬಹುದಿತ್ತು. ಪ್ರಾರ್ಥನೆ ಎಂದರೂ ನಂಬುತ್ತಿದ್ದಳೋ ಏನೋ. ಹಾರ್ಲನ್ ವಾಷರೆರಡನ್ನೂ ಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿ, ತಗಡಿನ ಕಡೆಗೆ ಕೈ ಚಾಚಿ, ಎರಡು ಸಲ ಬಡಿದ.